ಗಾಜಿನ ಭರಣಿಯೊಳಗೊಂದು ಮಲೆನಾಡು

ಮಳೆಗಾಲ ಹಿಡಿದೊಡನೆ ಮುಂಬಯಿ ಮಹಾನಗರಪಾಲಿಕೆಯ ಸಿಬ್ಬಂದಿ ಮನೆಮನೆಯ ಕದ ತಟ್ಟಿ ಸೊಳ್ಳೆಮರಿಗಳನ್ನು ಹುಡುಕುವುದುಂಟು. ಅವರು ಪರೀಕ್ಷಿಸುವುದು ಚರಂಡಿಯನ್ನಷ್ಟೇ ಅಲ್ಲ. ಕಿಟಕಿಯ ಕಟ್ಟೆಯಲ್ಲಿ ನೀರು ತುಂಬಿದ ಸೀಸೆಯಿಂದ ಇಳಿಬಿದ್ದ ಮನಿಪ್ಲಾಂಟನ್ನೂ ಹೂಕುಂಡದ ಅಡಿಯ ತಟ್ಟೆಯನ್ನೂ ಇಣುಕಿ ನೋಡುತ್ತಾರೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಯೇ ಬೇಕೆಂದಿಲ್ಲ. ನಿಂತ ತಿಳಿನೀರು ಧಾರಾಳವಾಗಿ ಸಾಕು. ಮೊಟ್ಟೆಯೊಡೆದ ಮರಿ ಎಂಟು ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ನೀರನ್ನು ಚೆಲ್ಲಿದರೂ ಪಾತ್ರೆಯ ಒಳಮೈಗಂಟಿದ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ತಿಕ್ಕಿ ತೊಳೆಯದೆ ಗತ್ಯಂತರವಿಲ್ಲ.

ಊರಿನ ಅಂಗಳ, ಹಿತ್ತಿಲುಗಳನ್ನು ಬಿಟ್ಟುಬಂದು ಎರಡು ಕೋಣೆಗಳ ಫ್ಲಾಟಿನಲ್ಲಿ ನೆಲೆಸಿದವರಿಗೆ ಹಸಿರಿನ ಹಂಬಲ ಸಹಜವಾದುದು. ಅದಕ್ಕೆ ಜ್ವರದ ಬೆಲೆ ತೆರಬೇಕಾಗಿಲ್ಲ. ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಬೆಳೆಸುವ ಪುಟ್ಟ ತೋಟವೊಂದುಂಟು. ಟೆರೇರಿಯಮ್ ಎಂದು ಅದರ ಹೆಸರು.

ಈ ಉಪಾಯದ ಮೂಲಪುರುಷ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್. ಕಲ್ಲಿದ್ದಲ ಹೊಗೆಯಲ್ಲಿ ಆತನ ಜರಿಗಿಡಗಳು ಸತ್ತುಹೋಗಿದ್ದವು. 1829ರಲ್ಲಿ, ಪತಂಗವೊಂದು ಕೋಶದಿಂದ ಹೊರಬರುವುದನ್ನು ನೋಡಲೆಂದು ಅದನ್ನು ಹಸಿಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ. ಪತಂಗಕ್ಕಿಂತ ಮೊದಲು ಒಂದು ಜರಿಗಿಡವೂ ಒಂದು ಹುಲ್ಲೂ ತಲೆಯೆತ್ತಿದವು! ಹಿತ್ತಿಲಲ್ಲಿ ಬದುಕದ ಗಿಡ ಸೀಸೆಯಲ್ಲಿ ಹನಿ ನೀರನ್ನೂ ಕೇಳದೆ ಸುಮಾರು ನಾಲ್ಕು ವರ್ಷ ಬದುಕಿತು. ಮುಂದೆ ಇದೇ ಮಾದರಿಯ ಗಾಜಿನ ಪೆಟ್ಟಿಗೆಗಳಲ್ಲಿ ಚೀನದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದವು. 1861ರಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನೀಲಗಿರಿಗೆ ಬಂದಿತು. ಮಲೇರಿಯಾಕ್ಕೆ ಮದ್ದಾದ ಕ್ವಿನೈನು ಸಿಂಕೋನಾದ ತೊಗಟೆಯದು. ವಾರ್ಡನ ಆ ಮೊದಲ ಗಿಡಗಳು ಸತ್ತದ್ದಾದರೂ ಹೇಗೆ? ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಸೇರಿದ್ದರಿಂದ.

ಇಲ್ಲಿಯೇ ಈ ತೋಟದ ಗುಟ್ಟು ಅಡಗಿದೆ. ಬೇರು ಹೀರಿದ ನೀರು ಎಲೆಗಳಿಂದ ಆವಿಯಾಗಿ, ಗಾಜಿಗೆ ತಗುಲಿ ಹನಿಗಟ್ಟಿ, ಮರಳಿ ಮಣ್ಣಿಗಿಳಿಯುತ್ತದೆ. ಹಗಲಿನಲ್ಲಿ ಎಲೆಗಳು ಬಿಟ್ಟ ಆಮ್ಲಜನಕ ಗಿಡದ ಉಸಿರಾಟಕ್ಕೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಒದಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮೆಯೂ ಖರ್ಚೂ ಒಂದೇ ಖಾತೆಯೊಳಗೆ ನಡೆಯುವ ವ್ಯವಹಾರವಿದು. ಕುಂಡದಲ್ಲಿ ಹೆಚ್ಚಾದ ನೀರು ಸೋರಿಹೋದೀತು. ಭರಣಿಯಲ್ಲಿ ಹಾಕಿದ್ದು ಹೋಗಲು ದಾರಿಯೇ ಇಲ್ಲ. ಉಪೇಕ್ಷೆಗಿಂತ ಅತಿಯಾದ ಮಮತೆಯಿಂದಲೇ ಇಂಥ ತೋಟಗಳು ಹಾಳಾಗುವುದು ಹೆಚ್ಚು.

ಸಿದ್ಧತೆಗೆ ದುಬಾರಿ ಸಾಮಗ್ರಿ ಬೇಡ. ಉಪ್ಪಿನಕಾಯಿಯೋ ಬಿಸ್ಕತ್ತೋ ತುಂಬಿದ್ದ, ಕೈಯಾಡುವಷ್ಟು ಬಾಯಿ ಅಗಲವಾದ ಐದು ಲೀಟರಿನ ಬಣ್ಣವಿಲ್ಲದ ಭರಣಿ ಸಾಕು. ಉಪ್ಪು, ಎಣ್ಣೆಗಳ ಜಿಡ್ಡು ಉಳಿಯದಂತೆ ತೊಳೆದು ಒಣಗಿಸಬೇಕು. ತಳದಲ್ಲಿ ಎರಡು ಮೂರು ಸೆಂಟಿಮೀಟರು ಸಣ್ಣ ಕಲ್ಲು, ಮೇಲೆ ಪುಡಿಮಾಡಿದ ಕಟ್ಟಿಗೆ ಇದ್ದಿಲಿನ ತೆಳುಪದರ, ಅದರ ಮೇಲೆ ಮಣ್ಣು ಕೆಳಗಿಳಿಯದಂತೆ ತೆಂಗಿನ ನಾರು. ಕೊನೆಗೆ ಐದಾರು ಸೆಂಟಿಮೀಟರು ಮಣ್ಣು. ತೋಟದ ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಸ್ವಲ್ಪ ಮರಳನ್ನೂ ಬೆರೆಸಿದರೆ ಹಗುರಾಗುತ್ತದೆ. ಗೊಬ್ಬರ ಸರ್ವಥಾ ಕೂಡದು. ಗಿಡ ಮುಚ್ಚಳ ಮುಟ್ಟಿದರೆ ಕತ್ತರಿಗೇ ಕೆಲಸ.

ಜರಿಗಿಡ, ಹಾವಸೆ, ಫಿಟೋನಿಯಾ, ಪೆಪರೋಮಿಯಾಗಳಂಥ ನೆರಳು-ತೇವಗಳನ್ನು ಬಯಸುವ ಕಿರುಗಿಡಗಳು ಇದಕ್ಕೆ ತಕ್ಕವು. ತುಳಸಿಯನ್ನೂ ಲೋಳೆಸರವನ್ನೂ ಇದರೊಳಗೆ ಕೂಡಿಹಾಕುವುದು ಅನ್ಯಾಯ. ಅವಕ್ಕೆ ಬಿಸಿಲು, ಗಾಳಿಗಳು ಬೇಕು. ಹಾವಸೆಗಾಗಿ ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಕೈಹಾಕಬಾರದು. ಮಳೆಗಾಲದಲ್ಲಿ ಕಟ್ಟಡದ ಆವರಣಗೋಡೆಯೇ ಬೇಕಾದಷ್ಟನ್ನು ಕೊಡುತ್ತದೆ.

ನೆಟ್ಟಮೇಲೆ ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಾಗುವಂತೆ ಚಮಚದಲ್ಲಿ ನೀರುಣಿಸಿ ಮುಚ್ಚಬೇಕು. ಬಳಿಕ ಮಾತನಾಡುವುದು ಗಾಜು. ಬೆಳಿಗ್ಗೆ ಮಸುಕಾಗಿ ಮಧ್ಯಾಹ್ನಕ್ಕೆ ತಿಳಿಯಾದರೆ ಲೆಕ್ಕ ಸರಿಯಿದೆ. ದಿನವಿಡೀ ಹನಿಗಟ್ಟಿಯೇ ಇದ್ದರೆ ಕೆಲವು ಗಂಟೆ ಮುಚ್ಚಳ ತೆರೆದಿಡಬೇಕು. ದಿನಗಟ್ಟಲೆ ಮಸುಕೇ ಕಾಣದಿದ್ದರೆ ಎರಡು ಮೂರು ಚಮಚ ನೀರು, ಅಷ್ಟೇ. ತಳದ ಕಲ್ಲುಗಳ ನಡುವೆ ನೀರು ನಿಂತಿರಬಾರದು. ಬೆಳಕು ಬೇಕು, ನೇರ ಬಿಸಿಲು ಬೇಡ. ಪಡುವಣ ಕಿಟಕಿಯ ಬಿಸಿಲಿನಲ್ಲಿಟ್ಟರೆ ಗಿಡಗಳು ಒಂದೇ ಮಧ್ಯಾಹ್ನದಲ್ಲಿ ಬೆಂದುಹೋದಾವು.

ಇಂಥ ಭರಣಿ ಕೋಣೆಯ ಗಾಳಿಯನ್ನು ಶುದ್ಧಿಮಾಡುವುದೆಂದು ಮಾರುವವರು ಹೇಳುವುದುಂಟು. ಮುಚ್ಚಿದ ಭರಣಿಯ ಗಾಳಿ ಕೋಣೆಗೆ ಬರುವುದಾದರೂ ಎಲ್ಲಿಂದ? ಕುಂಡದ ಗಿಡಗಳ ಕುರಿತಾಗಿಯೂ ಅಮೆರಿಕದ ಇಬ್ಬರು ಸಂಶೋಧಕರು ಹಿಂದಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಕಿಟಕಿ ತೆರೆದಿಡುವುದೇ ಹೆಚ್ಚು ಫಲಕಾರಿಯೆಂದು 2019ರಲ್ಲಿ ತೋರಿಸಿಕೊಟ್ಟರು. ಭರಣಿಯಿಂದ ದೊರೆಯುವುದು ಕಣ್ಣಿಗೆ ತಂಪು, ಮಕ್ಕಳಿಗೆ ಮಳೆಯ ಪಾಠ, ಅದೇನು ಕಡಿಮೆಯಲ್ಲ.

ಎಚ್ಚರಿಕೆಯೊಂದುಂಟು. ಉದುರಿದ ಎಲೆಯ ಮೇಲೆ ಬಿಳಿ ಬೂಷ್ಟು ಕಂಡರೆ ಉದ್ದನೆಯ ಚಿಮಟದಿಂದ ಅದನ್ನು ತೆಗೆದುಹಾಕಬೇಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಈ ಕೆಲಸವನ್ನು ಅವರಿಗೆ ವಹಿಸದೆ, ಭರಣಿಯನ್ನು ಬಾಲ್ಕನಿಗೊಯ್ದು ತೆರೆಯುವುದು ಲೇಸು. ಬೂಷ್ಟು ಮಣ್ಣಿಗೆಲ್ಲ ಹಬ್ಬಿದ್ದರೆ ಎಲ್ಲವನ್ನೂ ಸುರಿದು, ಭರಣಿಯನ್ನು ತೊಳೆದು, ಹೊಸ ಮಣ್ಣಿನಿಂದ ಮತ್ತೆ ಆರಂಭಿಸಬೇಕು. ಈ ಸಲ ಎರಡು ಚಮಚ ನೀರು ಕಡಿಮೆಯಿರಲಿ.