ಮರದ ನೆಲಹಾಸು: ಹಲಗೆಗಿಂತ ತಳವೇ ಮುಖ್ಯ

ದುಬಾರಿ ಬೆಲೆ ತೆತ್ತು ಹಾಸಿದ ತೇಗದ ನೆಲ ಮೊದಲ ಮಳೆಗಾಲದಲ್ಲೇ ಉಬ್ಬಿ ಮೇಲೆದ್ದರೆ ಮನೆಯವರು ದೂರುವುದು ಮರವನ್ನು. ಆದರೆ ಅನೇಕ ವೇಳೆ ದೋಷವಿರುವುದು ಮರದಲ್ಲಲ್ಲ, ಅದರ ಕೆಳಗಿನ ತಳದಲ್ಲಿ.

ಕಡಿದು ಹಲಗೆಯಾದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ತೇವ ಹೆಚ್ಚಿದಾಗ ಹಲಗೆ ಅಡ್ಡಡ್ಡವಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಈ ಬದಲಾವಣೆ ಅತ್ಯಲ್ಪ. ಮುಂಗಾರಿನ ತೇವ, ಬೇಸಿಗೆಯ ಶುಷ್ಕತೆ ಎರಡನ್ನೂ ಕಾಣುವ ಕರ್ನಾಟಕದಲ್ಲಿ ಇದು ತಪ್ಪಿದ್ದಲ್ಲ.

ತಳದ ಪರೀಕ್ಷೆ

ಹೊಸ ಕಾಂಕ್ರೀಟ್ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ನೀರಿರುತ್ತದೆ. ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಅದರ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯಡಿ ಹನಿ ಮೂಡಿದರೆ ಅಥವಾ ಕಾಂಕ್ರೀಟ್ ಕಪ್ಪಾದರೆ ಕೆಲಸ ಮುಂದೂಡುವುದೇ ಸರಿ. ಏನೂ ಕಾಣದಿದ್ದರೂ ತೇವಮಾಪಕದಿಂದ ಅಳೆಸಿ ಖಚಿತಪಡಿಸಿಕೊಳ್ಳುವುದು ಲೇಸು. ನೆಲಮಾಳಿಗೆ ಹಾಗೂ ಸ್ನಾನದ ಮನೆಗೆ ಗಟ್ಟಿಮರದ ನೆಲ ಸಲ್ಲದು.

ಬಳಿಕ ಸಮತಟ್ಟಿನ ಪರೀಕ್ಷೆ. 10 ಅಡಿ ಉದ್ದದ ನೇರಪಟ್ಟಿಯನ್ನು ಇಟ್ಟಾಗ ಅದರ ಕೆಳಗೆ ಸುಮಾರು 5 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಉಬ್ಬನ್ನು ಉಜ್ಜಿ, ತಗ್ಗನ್ನು ತುಂಬಬೇಕು. ಗೆದ್ದಲು ನಿರೋಧಕ ಚಿಕಿತ್ಸೆಯೂ ಈ ಹಂತದಲ್ಲೇ ಮುಗಿಯಬೇಕು.

ಹಾಸುವ ಕ್ರಮ

ತಳದ ಮೇಲೆ ದಪ್ಪ ಪಾಲಿಥೀನ್ ಹಾಳೆ, ಅದರ ಮೇಲೆ ನೀರು ತಡೆಯುವ ದರ್ಜೆಯ 18 ಮಿ.ಮೀ. ಪ್ಲೈವುಡ್ ಹಾಕಿ ಸ್ಕ್ರೂಗಳಿಂದ ಬಿಗಿಯಬೇಕು. ಪ್ಲೈವುಡ್ ಹಾಳೆಗಳ ನಡುವೆ 3 ಮಿ.ಮೀ. ಅಂತರವಿರಲಿ. ಕೊರೆಯುವ ಮುನ್ನ ನೆಲದೊಳಗಿನ ಕೊಳವೆ, ವಿದ್ಯುತ್ ತಂತಿಗಳ ಜಾಡು ತಿಳಿದಿರಬೇಕು. ಹಲಗೆಗಳನ್ನು ಕೆಲವು ದಿನ ಅದೇ ಕೋಣೆಯಲ್ಲಿಟ್ಟು ಅಲ್ಲಿನ ಹವೆಗೆ ಹೊಂದಿಸಬೇಕು. ಹಲಗೆ ಮತ್ತು ಪ್ಲೈವುಡ್‌ಗಳ ತೇವಾಂಶದ ವ್ಯತ್ಯಾಸ, ಕಿರಿದಾದ ಹಲಗೆಗೆ ಶೇ. 4, 3 ಇಂಚು ಅಥವಾ ಅದಕ್ಕಿಂತ ಅಗಲದ್ದಕ್ಕೆ ಶೇ. 2 ಮೀರಬಾರದು.

ಮೊದಲ ಸಾಲನ್ನು ದಾರ ಕಟ್ಟಿ ನೇರಗೊಳಿಸುವುದು ಅಗತ್ಯ. ಅದು ಸೊಟ್ಟಗಾದರೆ ಇಡೀ ನೆಲ ಸೊಟ್ಟ. ಒಂದು ಹಲಗೆಯ ನಾಲಿಗೆ ಇನ್ನೊಂದರ ಕೊರೆಯೊಳಗೆ ಕೂರುತ್ತದೆ; ಮೊಳೆಯನ್ನು ನಾಲಿಗೆಯ ಮೂಲಕ ಓರೆಯಾಗಿ ಹೊಡೆದರೆ ಹೊರಗೆ ಕಾಣದು. ಅಕ್ಕಪಕ್ಕದ ಸಾಲುಗಳ ಜೋಡಣೆಗಳ ನಡುವೆ ಕನಿಷ್ಠ 6 ಇಂಚು ಅಂತರವಿರಲಿ. ಗೋಡೆಗಳ ಸುತ್ತ ಸುಮಾರು ಮುಕ್ಕಾಲು ಇಂಚು ಜಾಗ ಬಿಡಲೇಬೇಕು. ಮಳೆಗಾಲದಲ್ಲಿ ಮರ ಹಿಗ್ಗುವುದು ಅಲ್ಲಿಗೇ. ಆ ಜಾಗವನ್ನು ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಆದರೆ ಪಟ್ಟಿಯನ್ನು ಗೋಡೆಗೆ ಬಿಗಿಯಬೇಕೇ ಹೊರತು ಹಲಗೆಗಲ್ಲ.

ಗ್ರಾನೈಟ್‌ನಂತೆ ನೀರು ಸುರಿದು ತೊಳೆಯುವ ರೂಢಿ ಇಲ್ಲಿ ನಡೆಯದು; ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಹೀಗೆ ಕಾಪಾಡಿದ ನೆಲವನ್ನು ಹಲವು ಸಲ ಉಜ್ಜಿ, ಹೊಸ ಮೆರುಗು ಕೊಟ್ಟು ದಶಕಗಳ ಕಾಲ ಬಳಸಬಹುದು. ಆದ್ದರಿಂದ ಮುಂಗಡ ಕೊಡುವ ಮುನ್ನ ಗುತ್ತಿಗೆದಾರರನ್ನು ಕೇಳಬೇಕಾದುದು ಹಲಗೆಯ ದರವನ್ನಷ್ಟೇ ಅಲ್ಲ, ತಳದ ತೇವವನ್ನು ಹೇಗೆ ಅಳೆಯುತ್ತಾರೆ ಎಂಬುದನ್ನೂ.