ಮನೆಯ ಚೀಟಿಗಳಿಗೊಂದು ಕಿರ್ದಿ

ಮಹಾನಗರದ ಮನೆಗಳಲ್ಲಿ ಸ್ಥಳಕ್ಕೆ ಅಭಾವವುಂಟೇ ಹೊರತು ಚೀಟಿಗಳಿಗೆ ಇಲ್ಲ. ವೈದ್ಯರು ಹೇಳಿದ ಮಾತ್ರೆಯ ಪ್ರಮಾಣ ಕ್ಯಾಲೆಂಡರಿನ ಅಂಚಿನಲ್ಲಿ, ರಕ್ತದೊತ್ತಡದ ಅಂಕಿಗಳು ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ, ಠೇವಣಿಯ ವಾಯಿದೆ ಮುಗಿಯುವ ದಿನಾಂಕ ದೇವರ ಗೂಡಿನಲ್ಲಿರುವ ಪಂಚಾಂಗದ ಪುಟಗಳ ನಡುವೆ. ಬರೆದವರಿಗೆ ಇವೆಲ್ಲದರ ನೆಲೆ ಗೊತ್ತು. ಆದರೆ ಬರೆದವರೇ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ ರಾತ್ರಿ, ಈಗ ಯಾವ ಔಷಧಿ ನಡೆಯುತ್ತಿದೆ, ಯಾವುದು ಒಗ್ಗುವುದಿಲ್ಲ ಎಂದು ವೈದ್ಯರು ಕೇಳಿದಾಗ ಉತ್ತರ ಹೇಳಬೇಕಾದವರು ಮಗ, ಸೊಸೆ, ಇಲ್ಲವೇ ಮೊಮ್ಮಗಳು.

ಚದುರಿದ ಟಿಪ್ಪಣಿಗಳನ್ನು ಒಪ್ಪಗೊಳಿಸುವ ವಿದ್ಯೆ ವಾಣಿಜ್ಯಶಾಸ್ತ್ರಕ್ಕೆ ಹೊಸದಲ್ಲ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿ ವರ್ತಕರಿಗೆ ಮೂರು ಪುಸ್ತಕಗಳನ್ನು ವಿಧಿಸಿದ್ದಾನೆ. ಆಗಿಂದಾಗ್ಗೆ ಗೀಚಿಡುವ ಟಿಪ್ಪಣಿ ಪುಸ್ತಕ, ಅದರಿಂದ ದಿನಾಂಕಾನುಕ್ರಮವಾಗಿ ಇಳಿಸುವ ದಿನವಹಿ, ದಿನವಹಿಯಿಂದ ಬಾಬ್ತುವಾರು ವಿಂಗಡಿಸುವ ಖಾತಾವಹಿ. ಮೊದಲನೆಯದರಲ್ಲಿ ಮನೆಯ ಯಾರು ಬೇಕಾದರೂ ಬರೆಯಬಹುದಾಗಿತ್ತು. ಇಂದಿನ ಸಂಸಾರಗಳಲ್ಲಿ ಈ ಮೊದಲ ಹಂತ ಅವ್ಯಾಹತವಾಗಿ ನಡೆಯುತ್ತದೆ. ಮುಂದಿನ ಎರಡು ಹಂತಗಳೇ ಇಲ್ಲ.

ಕ್ರಮ ಸರಳವಾದುದು. ಚೀಟಿಗಳಿಗೆಲ್ಲ ಒಂದೇ ಡಬ್ಬಿಯಿರಲಿ. ಭಾನುವಾರಕ್ಕೊಮ್ಮೆ ಅವನ್ನು ತೆಗೆದು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು, ದಿನಾಂಕ, ಯಾರಿಗೆ ಸಂಬಂಧಿಸಿದ್ದು, ವಿಷಯವೇನು ಎಂಬುದನ್ನು ದಪ್ಪ ರಟ್ಟಿನ ನೋಟುಬುಕ್ಕಿಗೆ ಇಳಿಸಬೇಕು. ದಿನಾಂಕ ತಿಳಿಯದಿದ್ದರೆ ಊಹಿಸಿ ಬರೆಯದೆ ‘ದಿನಾಂಕವಿಲ್ಲ’ ಎಂದೇ ನಮೂದಿಸುವುದು ಲೇಸು. ಪುಸ್ತಕದ ಹಿಂಭಾಗದಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಆರೋಗ್ಯದ ಖಾತೆ ತೆರೆದು, ಅದರ ಶಿರೋಭಾಗದಲ್ಲಿ ರಕ್ತದ ಗುಂಪು, ಒಗ್ಗದ ಔಷಧಿ, ಆದ ಶಸ್ತ್ರಚಿಕಿತ್ಸೆ ಇವನ್ನು ಬರೆಯಬೇಕು. ಮೂಲ ಚೀಟಿಗಳನ್ನು ಕ್ರಮಸಂಖ್ಯೆಯಂತೆ ದಾರ ಪೋಣಿಸಿಡಬೇಕು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಗುಂಡುಸೂಜಿ ತುಕ್ಕುಹಿಡಿದು ಕಾಗದವನ್ನೇ ತಿನ್ನುತ್ತದೆ.

ವೈದ್ಯರು ನಿಲ್ಲಿಸಿದ ಔಷಧಿಯ ಚೀಟಿಯ ಮೇಲೆ ಅಡ್ಡಗೆರೆ ಎಳೆದು ‘ರದ್ದು’ ಎಂದು ದಿನಾಂಕಸಹಿತ ಬರೆಯುವುದು ಅತ್ಯವಶ್ಯ. ಔಷಧಿಯ ವ್ಯಾಪಾರನಾಮದ ಜೊತೆಗೆ ಪಟ್ಟಿಯ ಮೇಲೆ ಅಚ್ಚಾಗಿರುವ ಮೂಲದ್ರವ್ಯದ ಹೆಸರನ್ನೂ ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲೇ ನಕಲು ಮಾಡಬೇಕು. ಇಬ್ಬರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಒಂದೇ ದ್ರವ್ಯವನ್ನು ಬರೆದಿದ್ದರೆ ಅದು ಆಗಲೇ ಕಣ್ಣಿಗೆ ಬೀಳುತ್ತದೆ.

ಹೊರನಾಡಿನ ಕನ್ನಡಿಗರಿಗೆ ಮಾತ್ರ ಇರುವ ತೊಡಕೊಂದುಂಟು. ಹಿರಿಯರು ಕನ್ನಡದಲ್ಲಿ ಬರೆಯುತ್ತಾರೆ. ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ಮಕ್ಕಳು ಕನ್ನಡವನ್ನು ಆಡಬಲ್ಲರು, ಅನೇಕರು ಓದಲಾರರು. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬರ್ಥದಲ್ಲಿ ಅಜ್ಜ ‘೧-೦-೧’ ಎಂದು ಬರೆದಿದ್ದರೆ, ಕೊಂಚ ಬಾಯಿ ತೆರೆದ ಆ ೧ ಮೊಮ್ಮಗಳಿಗೆ ಸೊನ್ನೆಯಾಗಿಯೇ ಕಾಣುವುದು ಸಹಜ. ಮೂರೂ ಸೊನ್ನೆ, ಅಂದರೆ ಮಾತ್ರೆಯೇ ಬೇಡವೆಂದಾಯಿತು! ಅಂಕಿಗಳ ವಿಷಯದಲ್ಲಿ ಅಭಿಮಾನಕ್ಕಿಂತ ಎಚ್ಚರ ಮುಖ್ಯ. ಪ್ರಮಾಣವನ್ನು 1, 0 ಎಂಬ ಇಂಗ್ಲಿಷ್ ಅಂಕಿಗಳಲ್ಲಿ ಬರೆದು, ಮನೆಯಲ್ಲಿ ಎಲ್ಲರೂ ಓದಬಲ್ಲ ಭಾಷೆಯಲ್ಲಿ ಹೊತ್ತನ್ನು ಸೂಚಿಸಬೇಕು.

ಎಲ್ಲ ಕಾಗದವೂ ಬಾಳುವುದಿಲ್ಲ. ಎ.ಟಿ.ಎಂ. ರಸೀದಿ, ಹಲವು ಇ.ಸಿ.ಜಿ. ಪಟ್ಟಿಗಳು ಶಾಖದಿಂದ ಮುದ್ರಿತವಾಗುವ ಕಾಗದದವು, ಕಾಲಕ್ರಮದಲ್ಲಿ ಮಾಸಿಹೋಗುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದರೆ ಇನ್ನೂ ಬೇಗ ಮಾಸುವುದುಂಟು. ಬಿಸಿ ಲ್ಯಾಮಿನೇಷನ್ ಮಾಡಿಸಿದರಂತೂ ಇಡೀ ಹಾಳೆ ಕಪ್ಪಾಗುತ್ತದೆ. ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿಡುವುದೇ ಇದಕ್ಕೆ ಉಪಾಯ.

ಹಣದ ಚೀಟಿಗಳಿಗೂ ಇದೇ ಕ್ರಮ. ಬ್ಯಾಂಕು, ಶಾಖೆ, ಠೇವಣಿಯ ಸಂಖ್ಯೆ, ವಾಯಿದೆ, ನಾಮಿನಿಯ ಹೆಸರು ಇಷ್ಟು ಸಾಕು. ಗುಪ್ತಸಂಖ್ಯೆಗಳನ್ನು ಇಲ್ಲಿ ಬರೆಯಕೂಡದು. ಹತ್ತು ವರ್ಷ ಯಾರೂ ಕೇಳದ ಠೇವಣಿಯ ಹಣ 2014ರಲ್ಲಿ ಸ್ಥಾಪಿತವಾದ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಹಕ್ಕೇನೋ ನಷ್ಟವಾಗದು, ವಾರಸುದಾರರು ತಮ್ಮ ಬ್ಯಾಂಕಿನ ಮೂಲಕ ಮರಳಿ ಪಡೆಯಬಹುದು. ಆದರೆ ಠೇವಣಿಯಿತ್ತೆಂಬುದೇ ತಿಳಿಯದವರು ಕೇಳುವುದಾದರೂ ಏನನ್ನು? 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಾಗಿರುವುದರಿಂದ ಹಳೆಯ ನಮೂದುಗಳನ್ನು ಈ ನೆಪದಲ್ಲಿ ಪರಿಶೀಲಿಸಬಹುದು.

ಇನ್ನುಳಿದವು ಹೆಂಗಸರ ಹಾಡಿನ ಹಾಳೆಗಳು, ಉಪ್ಪಿನಕಾಯಿ, ಸಾರಿನ ಪುಡಿಗಳ ಅಳತೆಗಳು. ಇವನ್ನು ಕನ್ನಡದಲ್ಲೇ, ಅದೇ ಕೈಬರಹದಲ್ಲೇ ಉಳಿಸಬೇಕು. ಬರೆದವರ ಹೆಸರು ಮಾತ್ರ ಸೇರಿಸಿದರಾಯಿತು. ಆದರೆ ‘ಎರಡು ಪಾವು ಕೊತ್ತಂಬರಿ’ ಎಂದರೆ ದೆಹಲಿಯಲ್ಲಿ ಬೆಳೆದ ಹುಡುಗಿಗೆ ಏನೂ ತಿಳಿಯದು. ಊರಿನಿಂದ ತಂದ ಪಾವು ಮನೆಯಲ್ಲಿದ್ದರೆ ಅದರಲ್ಲಿ ಕೊತ್ತಂಬರಿಯನ್ನು ಅಳೆದು, ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮಿನ ತೂಕವನ್ನು ಅದೇ ಹಾಳೆಯ ಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಬಹುದು.