ಆಲಮಟ್ಟಿಯ ರಾಕ್ ಉದ್ಯಾನ ಮತ್ತು ಕಾರಂಜಿ ಉದ್ಯಾನ: ಮೊದಲ ಬಾರಿ ಭೇಟಿ ನೀಡುವವರ ಮಾಹಿತಿಗಾಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಕುಟುಂಬಗಳು ಹಾಗೂ ಶಾಲೆಗಳು ಒಂದು ದಿನದ ಪ್ರವಾಸಕ್ಕೆ ಬಹುವಾಗಿ ಆಯ್ದುಕೊಳ್ಳುವ ಸ್ಥಳ ಆಲಮಟ್ಟಿ. ಇಲ್ಲಿ ಕೃಷ್ಣಾ ನದಿಯ ಅಣೆಕಟ್ಟಿನ ಆಸುಪಾಸಿನಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವು ಹಲವು ಉದ್ಯಾನಗಳನ್ನು ನಿರ್ಮಿಸಿದೆ. ಅವುಗಳ ಪೈಕಿ ಜನರು ಹೆಸರು ಹಿಡಿದು ಕೇಳುವವು ಎರಡು. ಒಂದು ರಾಕ್ ಉದ್ಯಾನ. ಇನ್ನೊಂದು ಗೋಪಾಲಕೃಷ್ಣ ಉದ್ಯಾನ, ಮೊಘಲ್ ಉದ್ಯಾನ ಮತ್ತು ಸಂಗೀತ ಕಾರಂಜಿಗಳನ್ನು ಒಳಗೊಂಡ ಸಮೂಹ. ಈ ಸಮೂಹವನ್ನು ಅನುಕೂಲಕ್ಕಾಗಿ ಈ ಲೇಖನದಲ್ಲಿ ಕಾರಂಜಿ ಉದ್ಯಾನ ಎಂದು ಕರೆಯಲಾಗಿದೆ.

ಇವೆರಡೂ ಒಂದೇ ನಿಗಮದ ಆಶ್ರಯದಲ್ಲಿ ಬೆಳೆದ ಅಕ್ಕತಂಗಿಯರು. ಆದರೆ ಸ್ವಭಾವ ಬೇರೆ ಬೇರೆ. ರಾಕ್ ಉದ್ಯಾನವು ಹಗಲಿನದು, ಕಾರಂಜಿ ಉದ್ಯಾನವು ಸಂಜೆಯದು. ಈ ಒಂದು ವಿಷಯವನ್ನು ಗಮನಿಸದೆ ಹೊರಟು, ಒಂದನ್ನು ಬಿಸಿಲಿನಲ್ಲಿ ದಣಿದು ನೋಡಿ, ಇನ್ನೊಂದನ್ನು ನೋಡದೆಯೇ ಮರಳುವ ಕುಟುಂಬಗಳು ಬಹಳ. ಈ ಸಾಲುಗಳನ್ನು ಬರೆಯುತ್ತಿರುವವರೂ ಮೊದಲ ಭೇಟಿಯಲ್ಲಿ ಇದೇ ತಪ್ಪನ್ನು ಮಾಡಿದ್ದುಂಟು. ಅದರ ಸಂಗತಿ ಮುಂದೆ ಬರುತ್ತದೆ.

ರಾಕ್ ಉದ್ಯಾನ

ರಾಕ್ ಎಂಬ ಹೆಸರನ್ನು ಕೇಳಿ ಕೇವಲ ಬಂಡೆಗಳನ್ನು ನಿರೀಕ್ಷಿಸಬಾರದು. ಚಂಡೀಗಢದಲ್ಲಿ ನೇಕ್ ಚಂದ್ ಅವರು ಒಡೆದ ಬಳೆ, ಪಿಂಗಾಣಿ ಚೂರು ಮೊದಲಾದ ತ್ಯಾಜ್ಯ ವಸ್ತುಗಳಿಂದ ರೂಪಿಸಿ, 1976ರಲ್ಲಿ ಸಾರ್ವಜನಿಕರಿಗೆ ತೆರೆಯಲಾದ ರಾಕ್ ಗಾರ್ಡನ್ ದೇಶದಲ್ಲಿ ಪ್ರಸಿದ್ಧವಾಗಿದೆ. ಆಲಮಟ್ಟಿಯದು ಹೆಸರಿನಲ್ಲಿ ಮಾತ್ರ ಅದರ ಬಳಗ. ಇಲ್ಲಿ ಮುಖ್ಯವಾಗಿರುವುದು ಕಾಡುಪ್ರಾಣಿಗಳು, ಪಕ್ಷಿಗಳು, ಜಲಚರಗಳು ಮತ್ತು ಬುಡಕಟ್ಟು ಜನರ ಬದುಕನ್ನು ತೋರಿಸುವ ಪ್ರತಿಕೃತಿಗಳು. ದೋಣಿವಿಹಾರಕ್ಕೆಂದು ಸಿಲ್ವರ್ ಲೇಕ್ ಎಂಬ ಕೊಳವೂ ಇದೆ. ನಿಗಮದ ಅರಣ್ಯ ವಿಭಾಗವು ಬೆಳೆಸಿದ ಗಿಡಮರಗಳ ನಡುವೆ ಇವೆಲ್ಲ ಹರಡಿಕೊಂಡಿವೆ.

ಬಯಲುಸೀಮೆಯ ನಮ್ಮ ಮಕ್ಕಳು ಎತ್ತು, ಎಮ್ಮೆ, ಆಡು, ಕುರಿಗಳನ್ನು ನಿತ್ಯ ಕಾಣುತ್ತಾರೆ. ಆನೆಯನ್ನು ಹಬ್ಬದ ಮೆರವಣಿಗೆಯಲ್ಲಿ ಕಂಡಿರಬಹುದು. ಅದರಾಚೆಯ ಪ್ರಾಣಿಪ್ರಪಂಚ ಅವರಿಗೆ ಪಠ್ಯಪುಸ್ತಕದ ಚಿತ್ರ ಮಾತ್ರ. ಆ ಚಿತ್ರವು ಎದುರಿಗೆ ಆಳೆತ್ತರ ನಿಂತಾಗ ಐದಾರು ವರ್ಷದ ಮಗು ತೋರುವ ಸಂಭ್ರಮಕ್ಕೆ ಬೆಲೆ ಕಟ್ಟಲಾಗದು. ಆದುದರಿಂದ ಹತ್ತು ವರ್ಷದೊಳಗಿನ ಮಕ್ಕಳಿರುವ ಕುಟುಂಬಗಳಿಗೂ ಪ್ರಾಥಮಿಕ ಶಾಲೆಗಳ ಪ್ರವಾಸಕ್ಕೂ ರಾಕ್ ಉದ್ಯಾನವೇ ಮೊದಲ ಆಯ್ಕೆಯಾಗಬೇಕೆಂಬುದು ನಮ್ಮ ಅಭಿಪ್ರಾಯ.

ಕೊರತೆಯೂ ಉಂಟು. ಇಲ್ಲಿ ನಡಿಗೆ ಹೆಚ್ಚು. ಮೊಣಕಾಲು ನೋವಿರುವ ಹಿರಿಯರಿಗೆ ಇದು ಸುಖಕರವಲ್ಲ. ಮಾರ್ಚ್‌ನಿಂದ ಮೇ ವರೆಗೆ ಈ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಇಲ್ಲಿ ಸುತ್ತುವುದನ್ನು ಬಿಡುವುದೇ ಲೇಸು.

ಕಾರಂಜಿ ಉದ್ಯಾನ

ಗೋಪಾಲಕೃಷ್ಣ ಉದ್ಯಾನದಲ್ಲಿ ಶ್ರೀಕೃಷ್ಣನ ಬಾಲ್ಯದ ಪ್ರಸಂಗಗಳನ್ನು ಮೂರ್ತಿಗಳ ಮೂಲಕ ತೋರಿಸಲಾಗಿದೆ. ಕಥೆ ಗೊತ್ತಿರುವ ಅಜ್ಜಿ ಮತ್ತು ಕಥೆ ಗೊತ್ತಿಲ್ಲದ ಮೊಮ್ಮಗು ಜೊತೆಯಾಗಿ ನೋಡಿದರೆ ಇದರ ಪೂರ್ಣ ಪ್ರಯೋಜನ ದೊರೆಯುತ್ತದೆ. ರಾಮಾಯಣದ ಪ್ರಸಂಗವನ್ನು ಆಧರಿಸಿದ ಲವಕುಶ ಉದ್ಯಾನವೂ ಆಲಮಟ್ಟಿಯಲ್ಲಿದ್ದು, ಸಮಯ ಉಳಿದವರು ಅದನ್ನೂ ನೋಡಬಹುದು.

ಮೊಘಲ್ ಉದ್ಯಾನದ ಬಗ್ಗೆ ಒಂದೆರಡು ಮಾತು ಅಗತ್ಯ. ನೀರಿನ ಕಾಲುವೆಗಳಿಂದ ನೆಲವನ್ನು ಸಮನಾಗಿ ವಿಭಾಗಿಸಿ, ನಡುವೆ ಕಾರಂಜಿ ಚಿಮ್ಮಿಸುವ ಚಾರ್‌ಬಾಗ್ ಪದ್ಧತಿಯನ್ನು ಪರ್ಷಿಯಾದಿಂದ ಪಡೆದು ಬಾಬರನೂ ಅವನ ನಂತರದವರೂ ಉತ್ತರ ಭಾರತದಲ್ಲಿ ಬೆಳೆಸಿದರು. ಕಾಶ್ಮೀರದ ಶಾಲಿಮಾರ್ ಅದರ ಹೆಸರಾಂತ ಮಾದರಿ. ಆದರೆ ನೀರನ್ನು ವಿನೋದಕ್ಕಾಗಿ ಚಿಮ್ಮಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊರಗಿನಿಂದ ನಿನ್ನೆ ಮೊನ್ನೆ ಬಂದದ್ದಲ್ಲ. ಸಿಂದಗಿಯಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿರುವ ಕುಮಟಗಿಯಲ್ಲಿ ಆದಿಲಶಾಹಿ ಅರಸರು ಬೇಸಿಗೆಯ ವಿಹಾರಕ್ಕೆಂದು ಕಟ್ಟಿಸಿದ ಜಲಮಂಟಪಗಳು ಇಂದಿಗೂ ನಿಂತಿವೆ. ಕೆರೆಯ ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಕೊಳವೆಗಳ ಮೂಲಕ ಹರಿಸಿ, ಮಂಟಪದಲ್ಲಿ ತುಂತುರಾಗಿ ಸುರಿಸುವ ಏರ್ಪಾಡು ಅಲ್ಲಿತ್ತು. ವಿದ್ಯುತ್ತಿಲ್ಲದ ಕಾಲದ ಆ ಕಾರಂಜಿಯನ್ನು ಬೆಳಿಗ್ಗೆ ನೋಡಿ, ಪಂಪಿನಿಂದ ನಡೆಯುವ ಆಲಮಟ್ಟಿಯ ಕಾರಂಜಿಯನ್ನು ಸಂಜೆ ನೋಡುವ ಯೋಗ ಸಿಂದಗಿಯವರಿಗೆ ಮಾತ್ರ ದಾರಿಯಲ್ಲೇ ಒದಗುತ್ತದೆ.

ಅಣೆಕಟ್ಟಿನ ಬುಡದಲ್ಲಿ ಉದ್ಯಾನ ನಿರ್ಮಿಸುವ ಪರಿಪಾಠಕ್ಕೆ ನಮ್ಮ ರಾಜ್ಯದಲ್ಲಿ ಮೇಲ್ಪಂಕ್ತಿ ಹಾಕಿದ್ದು ಕನ್ನಂಬಾಡಿಯ ಬೃಂದಾವನ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ 1927ರಲ್ಲಿ ಆರಂಭವಾದ ಆ ಕೆಲಸ 1932ರಲ್ಲಿ ಮುಗಿಯಿತು. ಬೃಂದಾವನವನ್ನು ಕಂಡವರು ಆಲಮಟ್ಟಿಯಲ್ಲಿ ಅದರ ಛಾಯೆಯನ್ನು ಗುರುತಿಸುವರು. ಇಂಡಿಯಿಂದ ಮೈಸೂರು ಒಂದು ರಾತ್ರಿಯ ಪ್ರಯಾಣ, ಆಲಮಟ್ಟಿ ಒಂದು ಹೊತ್ತಿನ ಪ್ರಯಾಣ ಎಂಬುದು ಮಾತ್ರ ವ್ಯತ್ಯಾಸವಲ್ಲ. ಎಷ್ಟೋ ಮನೆಗಳಿಗೆ ಅದೇ ಮುಖ್ಯ ವ್ಯತ್ಯಾಸ.

ಸಂಗೀತ ಕಾರಂಜಿಯು ಕತ್ತಲಾದ ಮೇಲೆಯೇ ಶೋಭಿಸತಕ್ಕದ್ದು. ಹಾಡಿನ ಏರಿಳಿತಕ್ಕೆ ತಕ್ಕಂತೆ ಕವಾಟಗಳು ತೆರೆದು ಮುಚ್ಚಿ, ನೀರಿನ ಎತ್ತರವೂ ದೀಪಗಳ ಬಣ್ಣವೂ ಬದಲಾಗುತ್ತವೆ. ಹಗಲಿನಲ್ಲಿ ಈ ಸಮೂಹಕ್ಕೆ ಬಂದವರು ಹುಲ್ಲುಹಾಸು, ಹೂಗಿಡ, ಮೂರ್ತಿಗಳನ್ನು ಕಾಣಬಹುದೇ ಹೊರತು, ಯಾವುದಕ್ಕಾಗಿ ಜನ ದೂರದಿಂದ ಬರುತ್ತಾರೋ ಅದನ್ನು ಕಾಣಲಾರರು.

ಈಗ ನಮ್ಮ ಸಂಗತಿ. ನಮ್ಮ ತಾಯಿಯವರ ತವರೂರು ಹಿನ್ನೀರಿನಲ್ಲಿ ಮುಳುಗಿದ ಗ್ರಾಮಗಳಲ್ಲೊಂದು. ಮೊದಲ ಸಲ ಅವರನ್ನು ಆಲಮಟ್ಟಿಗೆ ಕರೆದೊಯ್ದಾಗ ಬೆಳಿಗ್ಗೆ ಹನ್ನೊಂದಕ್ಕೆ ತಲುಪಿ, ಮಕ್ಕಳ ಹಿಂದೆ ರಾಕ್ ಉದ್ಯಾನ ಸುತ್ತಿ, ನಾಲ್ಕು ಗಂಟೆಗೆ ಎಲ್ಲರೂ ಸೋತಿದ್ದೆವು. ಬಾಡಿಗೆ ವಾಹನವನ್ನು ಸಂಜೆ ಐದರವರೆಗೆ ಮಾತ್ರ ಗೊತ್ತು ಮಾಡಿದ್ದರಿಂದ ಕಾರಂಜಿ ನೋಡದೆ ಹೊರಡಬೇಕಾಯಿತು. ತಾಯಿಯವರು ಉದ್ಯಾನದ ಬಗ್ಗೆ ಏನೂ ಹೇಳಲಿಲ್ಲ. ದಾರಿಯಲ್ಲಿ ಹಿನ್ನೀರು ಕಂಡಾಗ ಗಾಡಿ ನಿಲ್ಲಿಸೆಂದು ಕೇಳಿದರು. ಚಾಲಕನಿಗೆ ಹೊತ್ತಾಗಿತ್ತು. ಎರಡನೆಯ ಸಲ ಹೋದಾಗ ಮೊದಲು ನೀರಿನ ಬಳಿ ಅರ್ಧ ಗಂಟೆ ಕುಳಿತು, ಆಮೇಲೆ ಉದ್ಯಾನಕ್ಕೆ ಹೋದೆವು. ಆಲಮಟ್ಟಿಗೆ ಬರುವ ಹಿರಿಯರಲ್ಲಿ ಇಂಥವರು ಅನೇಕರಿರುವುದರಿಂದ ಈ ಅರ್ಧ ಗಂಟೆಯನ್ನು ಕಾರ್ಯಕ್ರಮದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳಿತು.

ಯಾವುದನ್ನು, ಯಾವಾಗ

ಎರಡನ್ನೂ ನೋಡಬೇಕೆನ್ನುವವರು ಮಧ್ಯಾಹ್ನದ ಊಟ ಮುಗಿಸಿ, ಮೂರು ಗಂಟೆಯ ಸುಮಾರಿಗೆ ರಾಕ್ ಉದ್ಯಾನವನ್ನು ಪ್ರವೇಶಿಸಿ, ಬಿಸಿಲು ಇಳಿದ ಮೇಲೆ ಕಾರಂಜಿ ಉದ್ಯಾನಕ್ಕೆ ಹೋಗುವುದು ಸೂಕ್ತ. ಅರ್ಧ ದಿನವಷ್ಟೇ ಇದ್ದು, ಕತ್ತಲಾಗುವ ಮೊದಲೇ ಮರಳಬೇಕಾದವರು ರಾಕ್ ಉದ್ಯಾನವೊಂದನ್ನೇ ನಿಧಾನವಾಗಿ ನೋಡಲಿ. ಹಿರಿಯರೇ ಹೆಚ್ಚಿರುವ ತಂಡವು ರಾಕ್ ಉದ್ಯಾನವನ್ನು ಬಿಟ್ಟು ನೇರವಾಗಿ ಸಂಜೆಯ ಭಾಗಕ್ಕೆ ಬಂದರೆ ನಷ್ಟವೇನಿಲ್ಲ. ಶಾಲಾ ಪ್ರವಾಸದಲ್ಲಿ ರಾತ್ರಿ ಪ್ರಯಾಣವನ್ನು ತಪ್ಪಿಸಬೇಕಾದುದರಿಂದ, ಚಿಕ್ಕ ಮಕ್ಕಳ ತಂಡಕ್ಕೆ ಕಾರಂಜಿಯ ಆಸೆ ತೋರಿಸದಿರುವುದೇ ಮೇಲು.

ಪ್ರವೇಶ ಶುಲ್ಕವು ಕಾಲಕಾಲಕ್ಕೆ ಪರಿಷ್ಕೃತವಾಗುವುದು. ಕಾರಂಜಿ ಪ್ರದರ್ಶನದ ಸಮಯವನ್ನೂ ವಾರದ ರಜೆಯ ದಿನವನ್ನೂ ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ವಾಣಿಜ್ಯ ಓದಿದವರ ಅಭ್ಯಾಸಬಲದಿಂದ ಒಂದು ಸೂಚನೆ: ಖರ್ಚಿನ ಅಂದಾಜು ಹಾಕುವಾಗ ಜನ ಚೀಟಿಯ ದರವನ್ನು ಮಾತ್ರ ಕೂಡಿಸುತ್ತಾರೆ. ನಿಜವಾಗಿ ಹಣ ಹೋಗುವುದು ವಾಹನಕ್ಕೆ ಮತ್ತು ಊಟಕ್ಕೆ. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು ಬಂದವರ ಲೆಕ್ಕ ಯಾವಾಗಲೂ ಹಗುರ.

ಹೋಗುವ ದಾರಿ

ಆಲಮಟ್ಟಿಯು ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು, ಈಗ ಹೊಸದಾಗಿ ರಚಿತವಾದ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ವಿಜಯಪುರದಿಂದ ಸುಮಾರು 65 ಕಿ.ಮೀ. ದೂರವಿದೆ. ಬಾಗೇವಾಡಿ ಮತ್ತು ಮುದ್ದೇಬಿಹಾಳದವರು ನಿಡಗುಂದಿಗೆ ಬಂದು ಅಲ್ಲಿಂದ ಬಸ್ಸು ಅಥವಾ ಟಂಟಂ ಹಿಡಿಯಬಹುದು. ಸಿಂದಗಿಯವರಿಗೆ ದೇವರ ಹಿಪ್ಪರಗಿ, ಬಾಗೇವಾಡಿ ಮೂಲಕವೂ, ವಿಜಯಪುರದ ಮೂಲಕವೂ ದಾರಿಯುಂಟು.

ಗದಗ–ಹೊಟಗಿ ರೈಲು ಮಾರ್ಗದಲ್ಲಿ ಆಲಮಟ್ಟಿಗೆ ನಿಲ್ದಾಣವಿದೆ. ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳೂ ಇದೇ ಮಾರ್ಗದಲ್ಲಿವೆ. ಹೆಸರಿನಲ್ಲಿರುವ ರೋಡ್ ಎಂಬ ಪದವನ್ನು ಅಲಕ್ಷಿಸಬಾರದು. ನಿಲ್ದಾಣಗಳು ಪಟ್ಟಣದೊಳಗೆ ಇಲ್ಲ. ಅಲ್ಲಿಗೆ ತಲುಪಲು ಮತ್ತೊಂದು ವಾಹನ ಬೇಕು. ಸಿಂದಗಿ ಮತ್ತು ಮುದ್ದೇಬಿಹಾಳಕ್ಕೆ ರೈಲಿನ ಸೌಲಭ್ಯವಿಲ್ಲ.

2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ದಾಖಲೆ ತೋರಿಸಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಮಹಿಳೆಯರು ಹೆಚ್ಚಿರುವ ಮನೆಗೆ ಬಸ್ಸೇ ಲಾಭಕರ. ಆದರೆ ಕಾರಂಜಿ ಮುಗಿಯುವ ಹೊತ್ತಿಗೆ ಇಂಡಿ, ಸಿಂದಗಿ ಕಡೆಗೆ ನೇರ ಬಸ್ಸನ್ನು ನಂಬಿಕೊಂಡಿರಬಾರದು. ನಾಲ್ಕಾರು ಮನೆಯವರು ಸೇರಿ ಕ್ರೂಸರ್ ಗೊತ್ತು ಮಾಡಿಕೊಳ್ಳುವುದು, ಇಲ್ಲವೇ ವಿಜಯಪುರದಲ್ಲಿಯೋ ಬಾಗಲಕೋಟೆಯಲ್ಲಿಯೋ ರಾತ್ರಿ ತಂಗುವುದು ಕ್ಷೇಮ. ವಾಹನ ಗೊತ್ತು ಮಾಡುವಾಗ ಮರಳುವ ವೇಳೆಯನ್ನು ಚಾಲಕರಿಗೆ ಮೊದಲೇ ಸ್ಪಷ್ಟಪಡಿಸತಕ್ಕದ್ದು.

ಎರಡು ದಿನದ ಅವಕಾಶವಿದ್ದವರು ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಿಂದ ಆರಂಭಿಸಿ, ಆಲಮಟ್ಟಿಯನ್ನು ನೋಡಿ, ಮರುದಿನ ಅವರ ಐಕ್ಯಸ್ಥಳವಾದ ಕೂಡಲಸಂಗಮಕ್ಕೆ ಹೋಗಬಹುದು. ಅಲ್ಲಿ ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ, ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುವಂತೆ ಐಕ್ಯಮಂಟಪವನ್ನು ಉಳಿಸಿಕೊಳ್ಳಲಾಗಿದೆ.

ಉದ್ಯಾನದ ಹಿಂದಿರುವ ನೀರು

ಎರಡೂ ಉದ್ಯಾನಗಳು ಅಣೆಕಟ್ಟಿನಿಂದಾಗಿಯೇ ಹುಟ್ಟಿದವು. ಆದ್ದರಿಂದ ಮಕ್ಕಳಿಗೆ ಅಣೆಕಟ್ಟಿನ ವಿವರ ತಿಳಿಸುವುದು ಅವಶ್ಯ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು, ಪ್ರಧಾನಿಯಾಗುವ ಕೆಲವೇ ದಿನಗಳ ಮೊದಲು, ಇದಕ್ಕೆ ಅಡಿಗಲ್ಲು ಇಟ್ಟರು. ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು 2006ರ ಆಗಸ್ಟ್ 21ರಂದು ಲೋಕಾರ್ಪಣೆ ಮಾಡಿದರು. ನಡುವೆ ನಲವತ್ತೆರಡು ವರ್ಷಗಳು ಸಂದವು. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ ಸಾಮರ್ಥ್ಯ 123.08 ಟಿ.ಎಂ.ಸಿ. ಗೇಟುಗಳು 26. ಬಲಭಾಗದ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್.

ವಿದ್ಯುತ್ ಉತ್ಪಾದಿಸಿದ ನೀರು ಕೆಳಗಿನ ನಾರಾಯಣಪುರದ ಬಸವಸಾಗರವನ್ನು ಸೇರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆಯನ್ನೂ, ಅದರ ಮೂಲಕ ಇಂಡಿ ಶಾಖಾ ಕಾಲುವೆಯನ್ನೂ ಹಿಡಿದು ಸಿಂದಗಿ, ಇಂಡಿ ಭಾಗದ ಹೊಲಗಳಿಗೆ ಬರುತ್ತದೆ. ಮುದ್ದೇಬಿಹಾಳ ಭಾಗಕ್ಕೆ ಆಲಮಟ್ಟಿ ಎಡದಂಡೆ ಕಾಲುವೆ ಮತ್ತು ಚಿಮ್ಮಲಗಿ ಏತ ನೀರಾವರಿಯಿಂದಲೂ, ಬಾಗೇವಾಡಿ ಭಾಗಕ್ಕೆ ಮುಳವಾಡ ಏತ ನೀರಾವರಿಯಿಂದಲೂ ನೀರೊದಗುತ್ತದೆ. ನಮ್ಮ ಹೊಲದ ಕಾಲುವೆಯಲ್ಲಿ ಹರಿಯುವುದು ಇದೇ ನೀರು ಎಂದು ತಂದೆಯಾದವರು ಅಲ್ಲಿ ನಿಂತು ತೋರಿಸಿದರೆ, ಮಗು ಅದನ್ನು ಪ್ರತಿಕೃತಿಯ ಹುಲಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುವ ಸಂಭವವಿದೆ.

ಇದೇ ನೀರಿಗಾಗಿ ಹಳೆಯ ಬಾಗಲಕೋಟೆಯ ಒಂದು ಭಾಗವೂ ಅನೇಕ ಗ್ರಾಮಗಳೂ ಮುಳುಗಿ, ನವನಗರವೂ ಪುನರ್ವಸತಿ ಕೇಂದ್ರಗಳೂ ಎದ್ದವು. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಸಂಗ್ರಹ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ನೀಡಿರುವುದರಿಂದ, ದಡದ ಇನ್ನಷ್ಟು ಗ್ರಾಮಗಳಿಗೆ ಈ ವಿಷಯ ಇನ್ನೂ ಹಳೆಯದಾಗಿಲ್ಲ.

ಋತು ಮತ್ತು ಎಚ್ಚರಿಕೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಎರಡೂ ಉದ್ಯಾನಗಳಿಗೆ ಹಿತಕರ. ಸಹ್ಯಾದ್ರಿಯಲ್ಲಿ ಮಳೆ ಜೋರಾದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗೇಟು ತೆರೆದು ನೀರು ಬಿಡುವ ದೃಶ್ಯವನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಆಗ ಉದ್ಯಾನದಲ್ಲಿ ಕೆಸರು, ರಸ್ತೆಯಲ್ಲಿ ವಾಹನದಟ್ಟಣೆ ಇರುವುದನ್ನು ನಿರೀಕ್ಷಿಸಬೇಕು. ಭದ್ರತೆಯ ಕಾರಣ ಅಣೆಕಟ್ಟಿನ ಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ವಿದ್ಯುದಾಗಾರದಿಂದಲೋ ಗೇಟುಗಳಿಂದಲೋ ನೀರು ಬಿಟ್ಟಾಗ ಕೆಳಭಾಗದ ಮಟ್ಟ ಬೇಗನೆ ಏರುವುದರಿಂದ, ಕೈಕಾಲು ತೊಳೆಯಲೆಂದಾಗಲಿ ಛಾಯಾಚಿತ್ರಕ್ಕೆಂದಾಗಲಿ ಯಾರೂ ನದಿಪಾತ್ರಕ್ಕೆ ಇಳಿಯಬಾರದೆಂದು ಕೋರಲಾಗಿದೆ.